ಆರು ಬಲ್ಬಿನ ಪರೀಕ್ಷೆ

‘ಅಣ್ಣ, ನೀನು ಕೊಡ್ಸಿದ್ ಪವರ್ ಸಪ್ಲೈ ಇವತ್ತು ಮೂರನೇ ಸಲ ಕೈ ಕೊಡ್ತು. ಬಂದು ನೋಡು.’

ಹೋದ ಮಂಗಳವಾರ ನನ್ನ ತಂಗಿ ಸವಿತ ಫೋನ್ ಮಾಡಿ ಇಷ್ಟೇ ಹೇಳಿ ಇಟ್ಟುಬಿಟ್ಟಳು. ಪಾಂಡವಪುರದಲ್ಲಿ ಅವಳದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ, ನಾಮಕರಣದ ವಿಡಿಯೋ ಮಾಡಿಕೊಡುತ್ತಾಳೆ.

ಹೋದೆ. ಬೆಳಗೊಳದ ಜಯಮ್ಮ ಸ್ಟೂಲಿನ ಮೇಲೆ ಕೂತಿದ್ದರು. ವಾರದ ಹಿಂದೆ ಅವರ ಯಜಮಾನರು ತೀರಿಕೊಂಡಿದ್ದರು. ಶುಕ್ರವಾರ ತಿಥಿ. ಎರಡು ತಿಂಗಳ ಹಿಂದೆ ಮೊಮ್ಮಗಳ ಮದುವೆಯಲ್ಲಿ ಆ ಹಿರಿಯರು ಮದುಮಗಳ ಕೈ ಹಿಡಿದು ಏನೋ ಹೇಳಿದ್ದರು. ಸವಿತಳ ಕ್ಯಾಮೆರಾದಲ್ಲಿ ಅದು ಸಿಕ್ಕಿತ್ತು. ಆದರೆ ವಾಲಗದ ಸದ್ದಿನಲ್ಲಿ ಒಂದಕ್ಷರವೂ ಕೇಳುತ್ತಿರಲಿಲ್ಲ.

‘ಜನದ್ ಮುಂದೆ ಬಾಯಿ ಬುಡೋರೇ ಅಲ್ಲ ಕಣಪ್ಪ ಅವ್ರು. ನಾನು ಅಡ್ಗೆ ತಾವಿದ್ದೆ. ಏನಂದ್ರು ಅಂತ ಕೇಳ್ಬೇಕು’ ಅಂದರು ಜಯಮ್ಮ.

ಸದ್ದು ತೆಗೆದು ಮಾತನ್ನು ಮಾತ್ರ ಉಳಿಸುವ ಸಾಫ್ಟ್‌ವೇರ್ ಸವಿತಳ ಬಳಿ ಇದೆ. ಅದಕ್ಕಾಗಿಯೇ ಹೆಚ್ಚು ಕರೆಂಟ್ ಎಳೆಯುವ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದಳು. ಕೆಲಸ ಅರ್ಧಕ್ಕೆ ಬರುವಷ್ಟರಲ್ಲಿ ಕಂಪ್ಯೂಟರ್ ತಾನಾಗಿಯೇ ಆರಿಹೋಗುತ್ತಿತ್ತು.

ತಪ್ಪು ಯಾರದು? ನನ್ನದೇ. ಪವರ್ ಸಪ್ಲೈ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಒಗ್ಗುವ ಹಾಗೆ ಇಳಿಸಿಕೊಡುವ ಡಬ್ಬಿ. ಕಾರ್ಡ್ ಹಾಕಿಸುವಾಗ ಶ್ರೀರಂಗಪಟ್ಟಣದ ಕಂಪ್ಯೂಟರ್ ಅಂಗಡಿಯ ನಯಾಜ್ ಒಂದು ಸಾದಾ ಡಬ್ಬಿ ತೋರಿಸಿದ್ದರು. ಅದರ ಮೇಲೆ 450 ವ್ಯಾಟ್ ಎಂದಿತ್ತು. ನಾನು ಬಿಡಲಿಲ್ಲ. ಆನ್‌ಲೈನ್‌ನಲ್ಲಿ 600 ವ್ಯಾಟಿನದು ಹುಡುಕಿ ತರಿಸಿದೆ. ಕೆಂಪು ಫ್ಯಾನ್, ಮಿರುಗುವ ಬಾಕ್ಸ್. ಬಾಕ್ಸಿನ ಮೇಲೆ ಎರಡು ಪಟ್ಟಿಯ ಚಿತ್ರ: ‘ನಮ್ಮದು’ ಎತ್ತರ, ‘ಸಾಮಾನ್ಯ’ ಕುಳ್ಳ. (ಓದಿದವನು ನೋಡಿ, ಚಾರ್ಟ್ ಕಂಡರೆ ಕೈ ಮುಗಿಯುತ್ತೇನೆ.)

ಕಂಪ್ಯೂಟರನ್ನೂ ಆ ಬಾಕ್ಸನ್ನೂ ಆಟೋದಲ್ಲಿಟ್ಟುಕೊಂಡು ನಯಾಜ್ ಅಂಗಡಿಗೆ ಹೋದೆವು. ಅವರು ಹಿಂದಿನದನ್ನು ಎತ್ತಿ ಆಡಬಹುದಿತ್ತು. ಆಡಲಿಲ್ಲ. ತಮ್ಮನ ಗ್ಯಾರೇಜಿನಿಂದ ತಂದಿಟ್ಟಿದ್ದ ಆರು ಕಾರ್ ಹೆಡ್‌ಲೈಟ್ ಬಲ್ಬುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು.

‘ಬಾಕ್ಸ್ ಮ್ಯಾಲೆ ಬರ್ದಿರೋದ್ ಬುಡಿ ಸಾರ್. ಬಲ್ಬು ಸುಳ್ಳೇಳಲ್ಲ’ ಅಂದರು.

ನನ್ನ ಡಬ್ಬಿಗೆ ಒಂದೊಂದೇ ಬಲ್ಬು ಸಿಕ್ಕಿಸಿದರು. ಒಂದು ಹತ್ತಿತು. ಎರಡು. ಮೂರನೆಯದಕ್ಕೆ ಮೀಟರಿನಲ್ಲಿ ಹನ್ನೆರಡು ವೋಲ್ಟ್ ಇರಬೇಕಾದದ್ದು ಹನ್ನೊಂದಕ್ಕೆ ಇಳಿಯಿತು. ನಾಲ್ಕನೆಯದಕ್ಕೆ ಎಲ್ಲವೂ ಕತ್ತಲೆ.

‘ಒಂದ್ ಬಲ್ಬು ಐವತ್ತೈದು ವ್ಯಾಟು. ನಾಕು ತಡೀನಿಲ್ಲ. ಎಲ್ಲೈತೆ ಆರ್ನೂರು?’

ಡಬ್ಬಿಯ ಪಕ್ಕದ ಸಣ್ಣ ಲೇಬಲ್ ತೋರಿಸಿದರು. ಕಂಪ್ಯೂಟರಿನ ಮುಖ್ಯ ಭಾಗಗಳೆಲ್ಲ ನಡೆಯುವುದು ಹನ್ನೆರಡು ವೋಲ್ಟಿನ ಲೈನಿನ ಮೇಲೆ. ಅದರ ಮುಂದೆ ಇಪ್ಪತ್ತು ಆಂಪ್ಸ್ ಎಂದಿತ್ತು. ಗುಣಿಸಿದೆ. ಇನ್ನೂರ ನಲವತ್ತು ವ್ಯಾಟ್. ಕಂಪನಿಯೇ ಬರೆದುಕೊಂಡಿರುವ ಲೆಕ್ಕ ಇದು. ಅಷ್ಟನ್ನೂ ಅದು ಹೊರಲಿಲ್ಲ.

ನಾನು ಬೇಡ ಅಂದಿದ್ದ ಸಾದಾ ಡಬ್ಬಿಗೆ ಅವವೇ ಬಲ್ಬು ಹಾಕಿದರು. ಆರೂ ಉರಿದವು. ಮೀಟರಿನ ಮುಳ್ಳು ಕದಲಲಿಲ್ಲ.

ಅಷ್ಟು ಹೊತ್ತೂ ಸವಿತ ಬಾಕ್ಸ್ ಹಿಡಿದು ಏನೋ ಓದುತ್ತಿದ್ದಳು. ‘ಅಣ್ಣ, ಇಲ್ನೋಡು’ ಅಂದಳು. ಚಿತ್ರದಡಿ ಒಂದು ನಕ್ಷತ್ರದ ಗುರುತು, ಇರುವೆಯಷ್ಟು ಚಿಕ್ಕ ಅಕ್ಷರ. ‘ಸಾಮಾನ್ಯ’ ಎಂದರೆ ಬೇರೆ ಕಂಪನಿಯ ಮಾಲಲ್ಲ. ತಾವೇ ಮಾರಾಟ ನಿಲ್ಲಿಸಿದ ಹಳೆಯ ಮಾಡೆಲ್ ಅಂತೆ. ತಮ್ಮ ಸೋತ ಮಾಲನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡು ಗೆದ್ದಿದ್ದರು. ನಾನು ಬಿಡಿ, ಅವಳೂ ನಗಲಿಲ್ಲ.

ಸಾದಾ ಡಬ್ಬಿ ಹಾಕಿಸಿಕೊಂಡು ವಾಪಸ್ ಬಂದೆವು. ಜಯಮ್ಮ ಅಲ್ಲೇ ಕಾಯುತ್ತಿದ್ದರು. ಈ ಸಲ ಕಂಪ್ಯೂಟರ್ ಆರಲಿಲ್ಲ. ಸುಮಾರು ಮುಕ್ಕಾಲು ಗಂಟೆಯ ಮೇಲೆ ವಾಲಗ ಕರಗಿ, ಹಿರಿಯರ ಗೊಗ್ಗರು ದನಿ ಬಂತು.

‘ನಿಮ್ಮಜ್ಜಿ ಬಂದ್ಮ್ಯಾಕೆ ನಂಗೆ ಒಂದಿನಾನೂ ಬ್ಯಾಸ್ರ ಆಗ್ನಿಲ್ಲ ಕನವ್ವ. ನೀನೂ ಅಂಗೇ ಬಾಳು.’

ಜಯಮ್ಮ ಸೆರಗು ಬಾಯಿಗೊತ್ತಿಕೊಂಡರು. ‘ಇದ್ದಾಗ ನಂಗೊಂದ್ ಮಾತು ಹೇಳ್ನಿಲ್ಲ ನೋಡವ್ವ’ ಅಂದರು. ಆಮೇಲೆ, ‘ಇನ್ನೊಂದ್ಸಲ ಹಾಕು.’ ಸವಿತ ಹಾಕಿದಳು. ನಾನು ಹೊರಗೆ ಬಂದು ನಿಂತೆ. ಒಂದು ಬಾಕ್ಸಿನ ಚಿತ್ರ ನಂಬಿ ಈ ಮಾತನ್ನು ಕಳೆದುಬಿಡುತ್ತಿದ್ದೆನಲ್ಲ?

ನಾವು ಬದನೆಕಾಯಿ ಕೊಳ್ಳುವಾಗ ಹುಳುಕಿದೆಯಾ ಅಂತ ತಿರುಗಿಸಿ ನೋಡುತ್ತೇವೆ. ಹಸು ಕೊಳ್ಳುವಾಗ ಎರಡು ಹೊತ್ತು ಹಾಲು ಕರೆಸಿ ನೋಡುತ್ತೇವೆ. ಕಂಪ್ಯೂಟರ್, ಇನ್ವರ್ಟರ್, ಮಕ್ಕಳ ಟ್ಯೂಷನ್ನು ಬಂದಾಗ ಮಾತ್ರ ಮಾರುವವನೇ ಬರೆದುಕೊಂಡ ಮಾರ್ಕ್ಸ್ ಕಾರ್ಡ್ ನೋಡಿ ತಲೆಯಾಡಿಸುತ್ತೇವೆ. ಯಾಕೆ? ಅರ್ಥವಾಗಲಿಲ್ಲ ಅಂತ ಹೇಳಿಕೊಳ್ಳಲು ನಾಚಿಕೆ. ನನಗೆ ಈಗ ಆ ನಾಚಿಕೆ ಹೋಗಿದೆ. ಲೇಬಲ್ ಓದುತ್ತೇನೆ, ಗುಣಿಸುತ್ತೇನೆ, ಬಲ್ಬು ಹಾಕಿ ತೋರಿಸಿ ಅನ್ನುತ್ತೇನೆ.

ಇನ್ನು ‘ನಮ್ಮದು ಎರಡು ಪಟ್ಟು ಉತ್ತಮ’ ಅನ್ನುವವರಿಗೆ ನನ್ನದು ಒಂದೇ ಪ್ರಶ್ನೆ: ಯಾರಿಗಿಂತ, ಸ್ವಾಮಿ?