ದಡ ಸೇರ್ಲಿ ಬುಡಿ

ಬ್ಲಫ್ ಎಂಬ ಊರಿನ ಹತ್ತಿರ ನಮ್ಮನ್ನು ಹೊಳೆ ದಾಟಿಸುತ್ತಿದ್ದ ಹರಿಗೋಲಿನವನು ನೀರಿನ ಮೇಲೆ ಯಾರ ಕೈಯಿಂದಲೂ ಭಕ್ಷೀಸು ಮುಟ್ಟುತ್ತಿರಲಿಲ್ಲ. ನಡುಹೊಳೆಯಲ್ಲಿ ಕೊಡುವುದು, ಇಸಿದುಕೊಳ್ಳುವುದು ಅಪಶಕುನವಂತೆ. ಹುಟ್ಟನ್ನು ಎದೆಗೊತ್ತಿಕೊಂಡು, “ದಡ ಸೇರ್ಲಿ ಬುಡಿ” ಎನ್ನುತ್ತಿದ್ದ. ತಪ್ಪೊಪ್ಪಿಕೊಳ್ಳುತ್ತೇನೆ: ನಾನು ಹೊಳೆಯ ನಡುವೆ ಧಾರಾಳವಾಗಿ ಜೇಬಿಗೆ ಕೈಹಾಕಿ, ದಡದಲ್ಲಿ ಎಲ್ಲರಿಗಿಂತ ಮುಂಚೆ ಇಳಿದು ಮಾಯವಾಗುತ್ತಿದ್ದೆ.

ಒಮ್ಮೆ ಭಾವಮೈದನ ಜೊತೆ ಬೀಗರೂಟಕ್ಕೆ ಹೊರಟಿದ್ದಾಗ ಜೋರಾಗಿ ಸೀನಿದೆ. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಹೊಳೆಗೆ ಬಿತ್ತು. ಹರಿಗೋಲಿನವನು ಧುಮುಕಿ, ಮುಳುಗಿ, ಹಲ್ಲು ಹಿಡಿದುಕೊಂಡೇ ಎದ್ದ. ನಾನು ಕೈಚಾಚಿದೆ.

“ದಡ ಸೇರ್ಲಿ ಬುಡಿ.”

ಭಾವಮೈದ ನಕ್ಕ: “ಇವತ್ತು ತಪ್ಪುಸ್ಕೊಳಾಕಾಗಕಿಲ್ಲ ಕಣ್ ಭಾವ, ಬಾಡು ಅಗಿಯೋ ಅಲ್ಲು ಅವನ್ ಕೈಲದೆ!”

ದಡದಲ್ಲಿ ನಾನು ನೋಟನ್ನು ಎರಡೂ ಕೈಯಲ್ಲಿ ಕೊಟ್ಟೆ. ಅವನು ಹಲ್ಲನ್ನು ಮತ್ತೊಮ್ಮೆ ತೊಳೆದು, ಎರಡೂ ಕೈಯಲ್ಲೇ ಕೊಟ್ಟ.