ಬೋಳುತಲೆಯ ಫೋಟೊ

ನಂಜುಂಡಪ್ಪನನ್ನು ನಂಬಿದ ಎಲ್ಲರಿಗೂ ಕವಲಂದೆಯ ಹೆಣ್ಣುಮಗಳೊಬ್ಬಳ ನಮಸ್ಕಾರ. ಅವನ ಗುಡಿಯ ಮುಂದೆಯೇ ನಿಂತು ಅವನನ್ನು ಬಾಯಿಗೆ ಬಂದಂತೆ ಬೈದವಳು ನಾನು. ಬೈದದ್ದನ್ನು ಮುಚ್ಚಿಟ್ಟರೆ ಅವನು ಮಾಡಿದ ಉಪಕಾರವನ್ನು ಅರ್ಧವೇ ಹೇಳಿದಂತಾಗುತ್ತದೆ. ಅದಕ್ಕೇ ಎಲ್ಲವನ್ನೂ ಬರೆಯುತ್ತಿದ್ದೇನೆ.

2009ರ ಕಾರ್ತಿಕ ಮಾಸ, ಸೋಮವಾರ. ನನ್ನ ಮಗಳು ಗೌರಿಗೆ ಆಗ ಆರು ವರ್ಷ. ಹುಟ್ಟಿನಿಂದ ಅವಳಿಗೆ ಕಿವಿ ಕೇಳಿಸುವುದಿಲ್ಲ, ಮಾತೂ ಬರುವುದಿಲ್ಲ. ಹಿಂದಿನ ವರ್ಷ ಜ್ವರ ಬಂದು ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಹೊತ್ತ ಹರಕೆಯಂತೆ ಮುಡಿ ಕೊಡಿಸಲು ನಂಜನಗೂಡಿಗೆ ಕರೆತಂದಿದ್ದೆ. ಜೊತೆಗೆ ತಾಂಡವಪುರದ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದ ನನ್ನ ತಮ್ಮ ಶಿವಮಲ್ಲು ಬಂದಿದ್ದ. ಮುಡಿಯಾಯಿತು, ಕಪಿಲೆಯಲ್ಲಿ ಸ್ನಾನವಾಯಿತು. ಲಂಗ ಒದ್ದೆಯಾಗಿತ್ತೆಂದು, ಚೀಲದಲ್ಲಿ ತಂದಿದ್ದ ಅವಳ ಅಣ್ಣನ ಹಳೆಯ ಅಂಗಿ ಚಡ್ಡಿ ತೊಡಿಸಿ, ತಲೆಗೆ ಗಂಧ ಬಳಿದೆ. ದರ್ಶನ ಮುಗಿಸಿ ಬಸ್ ಸ್ಟ್ಯಾಂಡಿಗೆ ಬಂದೆವು. ಬಸ್ಸಿಗೆ ನುಗ್ಗುವ ಜನರ ನಡುವೆ ಅವಳ ಕೈ ನನ್ನ ಕೈಯಿಂದ ಜಾರಿತು. ಹಿಂತಿರುಗಿ ನೋಡಿದರೆ ಮಗು ಇಲ್ಲ. ಕೂಗಿ ಕರೆದರೆ ಕೇಳಿಸಿಕೊಳ್ಳುವ ಮಗುವೂ ಅಲ್ಲ.

ಠಾಣೆಯಲ್ಲಿ, "ಮಗು ಹೆಂಗೈತಮ್ಮ? ಏನ್ ಬಟ್ಟೆ?" ಎಂದು ಕೇಳಿದರು.

"ಹಸ್ರು ಲಂಗ ಸಾ. ಎಲ್ಡು ಜಡೆ," ಎಂದೆ.

"ಎಲ್ಲಾ ಕಡೆ ತಿಳಿಸ್ತೀವಿ, ಕೂತ್ಕೊಳಮ್ಮ."

ಕೂತುಕೊಳ್ಳಬೇಕಂತೆ! ನನ್ನ ಮೈಯೆಲ್ಲ ಉರಿದುಹೋಯಿತು.

ಕಳೆದುಹೋದ ಮಕ್ಕಳನ್ನು ಹುಡುಕಿಕೊಡುವ ಸಂಸ್ಥೆಯೊಂದು ಆಗ ಮೈಸೂರಿನಲ್ಲಿತ್ತು. ಅವರು ಮೊಬೈಲಿಗೆ ಹಾಕಿಕೊಳ್ಳುವ ಒಂದು ಅಪ್ಲಿಕೇಶನ್ ಮಾಡಿದ್ದರು. ಅದರಲ್ಲಿ ಫೋಟೊ ಕಳಿಸಿದರೆ ಅವರ ಸರ್ವರಿಗೆ ಹೋಗುತ್ತಿತ್ತು. ಅಲ್ಲಿ ಕೂತವರು ಅದನ್ನು ನೋಡಿ ಸುತ್ತಲಿನ ಬಸ್ ಸ್ಟ್ಯಾಂಡುಗಳಿಗೆಲ್ಲ ಫೋನ್ ಮಾಡಿ ವಿಚಾರಿಸುತ್ತಿದ್ದರು. ಶಿವಮಲ್ಲುವಿನ ಮೊಬೈಲಿನಲ್ಲಿ ಅದಿತ್ತು. ಗೌರಿಯ ಒಂದು ಚೆಂದದ ಫೋಟೊವೂ ಇತ್ತು, ಸ್ಟುಡಿಯೋದಲ್ಲಿ ತೆಗೆಸಿದ್ದು. ಎರಡು ಜಡೆ, ಮುಡಿದ ಮಲ್ಲಿಗೆ, ತುಟಿಯಲ್ಲಿ ನಗು. ಅದನ್ನೇ ಕಳಿಸಲು ಕೂತ. ನೀಲಿ ಗೆರೆ ನಿಧಾನವಾಗಿ ಮುಂದೆ ಹೋಗುವುದು, ಇನ್ನೇನು ಮುಟ್ಟಿತು ಎನ್ನುವಾಗ ಸರ್ವರ್ ಸಿಗಲಿಲ್ಲವೆಂದು ಬಂದು ನಿಲ್ಲುವುದು. ಮತ್ತೆ ಒತ್ತುವನು, ಮತ್ತೆ ಅದೇ ಗತಿ.

"ಓಯ್ತಾ ಇಲ್ಲ ಕಣಕ್ಕಾ. ಫೋಟೊ ದೊಡ್ಡದಾಯ್ತು ಅಂತ ಕಾಣ್ತದೆ."

"ಅಲ್ಲಿ ನನ್ ಮಗು ಯಾರ್ ಪಾಲಾಯ್ತೋ, ನೀನ್ ಇಲ್ಲಿ ಗುಂಡಿ ಒತ್ಕೊಂಡ್ ಕೂತಿದ್ದೀಯಲ್ಲೋ!" ಎಂದು ಅವನ ಬೆನ್ನಿಗೆ ಗುದ್ದಿದೆ. ಪಾಪ, ಅವನೂ ಅಳುತ್ತಿದ್ದ.

ಅಲ್ಲಿ ನಿಲ್ಲಲಾಗದೆ ಗುಡಿಗೆ ಓಡಿದೆ. ಕೈ ಮುಗಿಯಲಿಲ್ಲ.

"ಏನಪ್ಪಾ, ಕೂದ್ಲು ಕೊಡ್ತೀನಿ ಅಂದಿದ್ದೆ, ಮಗೀನೇ ಇಟ್ಕೊಂಡ್ಯಾ? ವಿಷ ಕುಡ್ದು ಲೋಕ ಉಳಿಸ್ದೋನಂತೆ! ಒಂದು ಫೋಟೊ ಕಳ್ಸಕೂ ನಿನ್ ಕೈಲಾಗಲ್ವಾ?" ಎಂದು ಕಿರುಚಿದೆ. ಸಾಲಿನಲ್ಲಿದ್ದ ಹೆಂಗಸೊಬ್ಬರು "ಬುಡ್ತು ಅನ್ನವ್ವ, ದೇವ್ರಿಗೆ ಹಂಗೆಲ್ಲಾ ಅನ್ಬಾರ್ದು" ಎಂದರು. ಅನ್ನಲಿಲ್ಲ.

ಹೊರಗೆ ಬಂದರೆ ಶಿವಮಲ್ಲು ಎದುರಿಗೇ ಬಂದ. "ಅಕ್ಕಾ, ಒಂದು ಓಯ್ತು! ಬೆಳಿಗ್ಗೆ ನಾನೇ ತೆಗ್ದಿದ್ನಲ್ಲ, ಅದು." ನೋಡಿದೆ. ಬೋಳುತಲೆ, ಮೆತ್ತಿದ ಗಂಧ, ಅಳುತ್ತಿರುವ ಮುಖ, ಅಣ್ಣನ ದೊಗಳೆ ಅಂಗಿ.

"ಇದ್ಯಾಕೋ ಕಳ್ಸ್ದೆ? ಇದ್ರಲ್ಲಿ ಯಾರ್ಲಾ ಗುರ್ತು ಹಿಡೀತಾರೆ ನನ್ ಮಗೀನ?" ಎಂದು ಅವನ ಮೇಲೆ ಮತ್ತೆ ಎಗರಿದೆ.

ಬೈದು ಮುಗಿಸುವಷ್ಟರಲ್ಲಿ ಫೋನ್ ಬಂತು. ಆ ಸಂಸ್ಥೆಯ ಹೆಂಗಸು. "ಅಮ್ಮಾ, ಮಗು ಮುಡಿ ಕೊಟ್ಟಿದೆ ಅಂತ ಪೊಲೀಸರಿಗೆ ಹೇಳ್ಲೇ ಇಲ್ವಲ್ಲ! ನರಸೀಪುರ ಬಸ್ ಸ್ಟ್ಯಾಂಡಲ್ಲಿ ಮಾತಾಡದೇ ಇರೋ ಒಂದು ಮಗು ಕೂತಿದೆ. ಬೋಳುತಲೆ, ಅಂಗಿ ಚಡ್ಡಿ ನೋಡಿ ಗಂಡುಮಗು ಅಂದ್ಕೊಂಡಿದ್ದಾರೆ. ಪೊಲೀಸರು ಎರಡು ಜಡೆ ಹುಡುಗೀನ ಹುಡುಕ್ತಿದ್ದಾರೆ!"

ದಿನಾ ಬೆಳಿಗ್ಗೆ ಜಡೆ ಹೆಣೆದ ಕೈ ನನ್ನದು. ಕೇಳಿದ ಕೂಡಲೇ ಬಾಯಿಗೆ ಬಂದದ್ದೂ ಜಡೆಯೇ. ಆ ಚೆಂದದ ಫೋಟೊ ಹೋಗಿದ್ದರೆ ಅದನ್ನೇ ಹಿಡಿದುಕೊಂಡು, ಎದುರಿಗೇ ಕೂತ ನನ್ನ ಮಗಳನ್ನು ದಾಟಿಕೊಂಡು ಹೋಗುತ್ತಿದ್ದರು. ನಾನು ಹೋಗಲಿ ಹೋಗಲಿ ಎಂದು ಚಡಪಡಿಸುತ್ತಿದ್ದ ಆ ಫೋಟೊವನ್ನು ನಂಜುಂಡಪ್ಪನೇ ತಡೆದು ನಿಲ್ಲಿಸಿದ್ದ.

ನರಸೀಪುರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿಂತೇ ಇದ್ದೆ. ಜನರ ನೂಕಾಟದಲ್ಲಿ ಮಗು ಆ ಊರಿನ ಬಸ್ಸು ಹತ್ತಿಬಿಟ್ಟಿತ್ತು. ಕಂಡಕ್ಟರು ಕೊನೆಗೆ ನೋಡಿ, ಬಸ್ ಸ್ಟ್ಯಾಂಡಿನಲ್ಲಿದ್ದ ಪೊಲೀಸಿನವರ ಕೈಗೊಪ್ಪಿಸಿದ್ದರು. ಯಾರೋ ಕೊಟ್ಟ ಬನ್ನು ಹಿಡಿದು ಬೆಂಚಿನ ಮೇಲೆ ಕೂತಿದ್ದಳು. ತಿಂದಿರಲಿಲ್ಲ. ನನ್ನನ್ನು ಕಂಡವಳೇ ಬನ್ನು ಎಸೆದು ಓಡಿಬಂದಳು. ತಬ್ಬಿಕೊಳ್ಳುತ್ತಾಳೆಂದು ಬಗ್ಗಿದರೆ, ಎರಡೂ ಮುಷ್ಟಿಯಿಂದ ಎದೆಗೆ, ಭುಜಕ್ಕೆ, ಮುಖಕ್ಕೆ ಗುದ್ದಿದಳು. ಬೆಳಿಗ್ಗೆಯಿಂದ ತಡೆದ ಸಿಟ್ಟೆಲ್ಲ ತೀರುವವರೆಗೂ ಗುದ್ದಿದಳು. ಸುಮ್ಮನೆ ಹೊಡೆಸಿಕೊಂಡೆ. ಅಷ್ಟು ಜನರಲ್ಲಿ ಅವಳು ಇನ್ನಾರಿಗೂ ಕೈಯೆತ್ತಿರಲಿಲ್ಲವಂತೆ.

ನಂಜುಂಡಪ್ಪಾ, ಆವತ್ತು ನಿನ್ನ ಬಾಗಿಲಲ್ಲಿ ನಾನು ಕಿರುಚಿದಾಗ ನೀನೂ ಹೀಗೇ ಸುಮ್ಮನಿದ್ದೆಯಲ್ಲ. ಇನ್ನು ಮೇಲೆ ಬೈಯುವುದಿಲ್ಲವೆಂದು ಮಾತು ಕೊಡಲಾರೆ. ಬೈಯಬೇಕೆನಿಸಿದರೆ ನಿನ್ನ ಹತ್ತಿರವೇ ಬರುತ್ತೇನೆ.