ಅಡುಗೆಮನೆ ಗೋಡೆಯ ಬೊಟ್ಟುಗಳು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮನೆಗೆ ಸುಣ್ಣ ಬಳಿಸಿದ್ದು ಆಷಾಢದಲ್ಲೋ ಅದಕ್ಕೂ ಮುಂಚೆಯೋ ಖಚಿತವಿಲ್ಲ. ಕೆ.ಆರ್. ಪೇಟೆಯವರು ಮನೆ ನೋಡಲು ಬಂದ ದಿನ ಜಿಟಿಜಿಟಿ ಮಳೆ ಇತ್ತೆಂದು ನನ್ನ ದಿನಚರಿ ಹೇಳುತ್ತದೆ. ಸುಡುಬಿಸಿಲಿತ್ತು, ಅದಕ್ಕೇ ಮಜ್ಜಿಗೆ ಕೊಟ್ಟೆ ಎಂದು ಅತ್ತೆ ಹೇಳುತ್ತಾಳೆ. ದಿನಚರಿ ಬರೆದವಳು ನಾನೇ ಆದ್ದರಿಂದ ಅದನ್ನು ಬೇರೆ ಸಾಕ್ಷಿ ಎಂದು ಹೇಳುವ ಹಾಗಿಲ್ಲ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು ನಾನು. ಕಣ್ಣಾರೆ ಕಂಡೆ ಅನ್ನುವವರನ್ನೇ ಮೊದಲು ಅನುಮಾನಿಸಿ ಎಂದು ಮಕ್ಕಳಿಗೆ ಹೇಳಿ ಹೇಳಿ, ಈಗ ನನ್ನ ಕಣ್ಣುಗಳ ಮೇಲೆ ನನಗೇ ಭರವಸೆ ಇಲ್ಲ.

ಅತ್ತೆ ಎಂದರೆ ಅಪ್ಪನ ತಂಗಿ. ಗಂಡ ತೀರಿಹೋದ ಮೇಲೆ ತವರಿಗೆ ಬಂದಳು, ನಾನು ಮದುವೆಯ ಗೋಜಿಗೆ ಹೋಗಲಿಲ್ಲ, ಹಾಗಾಗಿ ಶ್ರೀರಂಗಪಟ್ಟಣದ ಗಂಜಾಂನ ಆ ಮನೆಯಲ್ಲಿ ಉಳಿದವರು ನಾವಿಬ್ಬರು. ಹಿತ್ತಲ ಬಾಗಿಲು ತೆರೆದರೆ ಕಾವೇರಿ. ನಾನು ಚಿಕ್ಕವಳಿದ್ದಾಗ ಅದು ಎಮ್ಮೆಗಳು ಹೊಳೆಗಿಳಿಯುವ ಬೀದಿ. ಈಗ ಬಂಗಲೆಗಳ ಬೀದಿ. ದೂರದ ಊರಿನ ದುಡ್ಡಿನವರು ಗಾಜಿನ ಬಾಲ್ಕನಿ ಇಟ್ಟು ಮನೆ ಕಟ್ಟಿದ್ದಾರೆ. ಅಪರೂಪಕ್ಕೆ ಬಂದು ಹೊಳೆಯ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಇದರ ಜೊತೆಗೆ ಬೀದಿಯ ತಿರುವಿನಲ್ಲಿ ಒಂದು ಶಾಲೆ. ಸುತ್ತಲಿನ ತಾಲ್ಲೂಕುಗಳಲ್ಲಿ ಮಗುವಿಗೆ ಹಲ್ಲು ಬರುವುದಕ್ಕೂ ಮೊದಲೇ ಆ ಶಾಲೆಯ ಸೀಟಿನ ಮಾತು ಬರುತ್ತದೆ. ಹತ್ತಿರ ಮನೆ ಇರುವವರ ಮಕ್ಕಳನ್ನು ಮೊದಲು ತೆಗೆದುಕೊಳ್ಳುತ್ತಾರಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ನಮ್ಮ ಹೆಂಚಿನ ಮನೆಗೂ ಗಿರಾಕಿಗಳು ಹುಟ್ಟಿಕೊಂಡರು.

ಮಾರಲೇಬೇಕಿತ್ತು. ಕನ್ನಂಬಾಡಿ ಕಟ್ಟೆಯ ಬಾಗಿಲು ತೆಗೆದಾಗೆಲ್ಲ ಹೊಳೆ ಮನೆಯೊಳಗೇ ಬರುತ್ತದೆ, ಅಕ್ಕಿ ಡ್ರಮ್ಮು, ಗ್ಯಾಸ್ ಸಿಲಿಂಡರು, ಅತ್ತೆಯ ಟ್ರಂಕು ಎಲ್ಲವನ್ನೂ ಅಟ್ಟಕ್ಕೇರಿಸಬೇಕು. ನನ್ನ ಮಂಡಿ, ಅವಳ ಸೊಂಟ ಎರಡೂ ಸಾಕು ಎಂದಿದ್ದವು. ಪಾಂಡವಪುರದಲ್ಲಿ, ನನ್ನ ಕಾಲೇಜಿನ ಹತ್ತಿರ, ದಿಬ್ಬದ ಮೇಲೊಂದು ಮನೆ ನೋಡಿದ್ದೆವು. ಅತ್ತೆಯೇ ಒಲೆಯ ಜಾಗ ನೋಡಿ ಒಪ್ಪಿದ್ದಳು. ಗೌರಿ ಹಬ್ಬದವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಟ್ಟುಬಿಡುತ್ತೇನೆ ಎಂದು ಅದರ ಮಾಲೀಕ ಹೇಳಿದ್ದ. ಅಷ್ಟರೊಳಗೆ ನಮ್ಮ ಮನೆ ಹೋಗದಿದ್ದರೆ ಇನ್ನೊಂದು ಮಳೆಗಾಲಕ್ಕೂ ಅಟ್ಟವೇ ಗತಿ.

ಪೇಟೆಯಲ್ಲಿ ಮಂಚ, ಬೀರು ಮಾರುತ್ತಿದ್ದ ಸಾಹೇಬರೊಬ್ಬರು ಬಿಡುವಿನಲ್ಲಿ ಮನೆ ದಲ್ಲಾಳಿ ಕೆಲಸವನ್ನೂ ಮಾಡುತ್ತಿದ್ದರು. ಮೊದಲ ದಿನವೇ ನಮಗೆ ಪಾಠ ಮಾಡಿದರು.

"ಅರೆ ಅಮ್ಮಾ, ನೀರಿಂದು ಬಾತು ನಾವಾಗಿ ಎತ್ತೋದು ಬ್ಯಾಡ. ಹೊಳೆ ಕಾಣ್ತದೆ ಅನ್ನಿ. ಹೊಳೆ ಬರ್ತದೆ ಅನ್ನಬ್ಯಾಡಿ. ಬಸ್, ಅಷ್ಟೇ."

ಆಮೇಲೆ ಅಡುಗೆಮನೆಗೆ ಬಂದು ಗೋಡೆ ನೋಡಿ ನಿಂತುಬಿಟ್ಟರು. "ಯಾ ಅಲ್ಲಾ! ಇದೇನಮ್ಮಾ, ಸ್ಕೂಲ್ ಮಕ್ಕಳ ಎತ್ತರ ಅಳೆಯೋ ಪಟ್ಟಿ ಇದ್ದಂಗದೆ?"

ಅವು ಅತ್ತೆ ಇಟ್ಟ ಬೊಟ್ಟುಗಳು. ಪ್ರವಾಹ ಇಳಿದು, ಕೆಸರು ಬಳಿದು ಮುಗಿದ ಮೇಲೆ, ನೀರು ಮುಟ್ಟಿಹೋದ ಎತ್ತರಕ್ಕೆ ಅವಳು ಅರಿಶಿನ ಬಳಿದು ಕುಂಕುಮ ಇಡುತ್ತಿದ್ದಳು. ಮನೆಗೆ ಬಂದ ಮುತ್ತೈದೆಯನ್ನು, ಅವಳು ಹೊಳೆಯೇ ಆದರೂ, ಬರಿ ಹಣೆಯಲ್ಲಿ ಕಳಿಸಬಾರದಲ್ಲ, ಅದಕ್ಕೆ. ವಿಧವೆ ಕುಂಕುಮ ಕೊಡಬಹುದೇ ಎಂದು ಎದುರು ಮನೆಯಾಕೆ ಒಮ್ಮೆ ಕೊಂಕು ತೆಗೆದಾಗ ಅತ್ತೆ, "ನೀವೆಲ್ಲ ನನ್ ಕೈಲಿ ಈಸ್ಕೊಳಕಿಲ್ಲ. ಅವ್ಳು ಈಸ್ಕತಾಳೆ. ನಿಂಗೇನವ್ವ ನೋವು?" ಎಂದಿದ್ದಳು. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ.

ಸುಣ್ಣ ಬಳಿಸಲೇಬೇಕೆಂದು ಸಾಹೇಬರು ಹಟ ಹಿಡಿದರು. "ಬಳೀಲಿ ಬುಡಪ್ಪ, ಗೋಡೆ ನಂದೇನು ಒಬ್ಬಳ್ದಾ?" ಎಂದು ಅತ್ತೆಯೂ ಒಪ್ಪಿದಳು. ಗೋಡೆ ಹಾಲಿನಂತೆ ಬೆಳ್ಳಗಾಯಿತು. ಮಾರನೆಯ ಬೆಳಿಗ್ಗೆ ಕಾಫಿಗೆಂದು ಒಳಗೆ ಹೋದರೆ ಬೊಟ್ಟುಗಳು ಮತ್ತೆ ಅಲ್ಲಿವೆ. ಹೊಸ ಸುಣ್ಣದ ಮೇಲೆ ಹೊಸ ಕುಂಕುಮ, ಬೀದಿಯಿಂದಲೇ ಕಾಣುವಷ್ಟು ಕೆಂಪು.

"ಅತ್ತೆ, ಇದೇನಿದು?"

"ಬೆಳ್ಳಗೆ ಬುಟ್ರೆ ಸೂತಕದ ಮನೆ ಅಂಗೆ ಕಾಣ್ತದೆ. ತಗಳೋರಿಗೆ ಶುಭ ಆಗ್ಬೇಕೋ ಬ್ಯಾಡ್ವೋ?"

ಎಂ.ಎ. ಓದಿದ್ದು ಇಂಥ ಹೊತ್ತಿನಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ.

ಮೊದಲು ಬಂದವರು ಕೆ.ಆರ್. ಪೇಟೆಯ ಕಂಟ್ರಾಕ್ಟರು ಮತ್ತು ಅವರ ಹೆಂಡತಿ. ಶಾಲೆಯ ಗಂಟೆ ಮನೆಯವರೆಗೆ ಕೇಳಿಸಿತೆಂದು ಆಕೆಗೆ ಸಂಭ್ರಮವೋ ಸಂಭ್ರಮ. ಅಡುಗೆಮನೆಯಲ್ಲಿ ಬೊಟ್ಟುಗಳನ್ನು ಕಂಡವರೇ ಚಪ್ಪಲಿ ಬಿಟ್ಟು ಕೈಮುಗಿದರು.

"ಯಾವ ದೇವ್ರಮ್ಮ ಇದು?"

ಸಾಹೇಬರು ಜೋರಾಗಿ ಕೆಮ್ಮಿದರು. ಅತ್ತೆಗೆ ಕೆಮ್ಮು ಅರ್ಥವಾಗಲಿಲ್ಲ, ಅಥವಾ ಅರ್ಥವಾಯಿತು. "ಕಾವೇರಮ್ಮ. ಕೆಳಗಿಂದು ಮಾಮೂಲಿ ಬಂದಾಗ ಇಟ್ಟಿದ್ದು. ಮಂಡಿ ಮಟ್ಟದ್ದು ನಮ್ಮಣ್ಣ ಬದುಕಿದ್ದಾಗ. ಅವ್ಳು ಬಂದ್ರೆ ಒಲೆ ಮುಂದೇನೇ ಕುಂತ್ಕಳದು, ಬಲು ಸಲಿಗೆ."

ಅವರು ಮಜ್ಜಿಗೆಯನ್ನು ಪೂರ್ತಿ ಕುಡಿಯದೆ ಹೊರಟುಹೋದರು. ಗೇಟಿನ ಹತ್ತಿರ ಸಾಹೇಬರು ಹಣೆ ಒತ್ತಿಕೊಳ್ಳುತ್ತ, "ಅಮ್ಮಾ, ನಿಮ್ಮ ಅತ್ತೆಯವರನ್ನ ಒಂದು ಘಂಟೆ ಎಲ್ಲಾದ್ರೂ ಕಳಿಸಕ್ಕಾಗಲ್ವಾ?" ಎಂದರು. ಮುಂದಿನವರು ಬರುವ ದಿನ ಅತ್ತೆಯನ್ನು ನಿಮಿಷಾಂಬ ಗುಡಿಗೆ ಸಾಗಹಾಕಿದೆ. ಗುಡಿ ನಮ್ಮ ಮನೆಗೆ ತೀರಾ ಹತ್ತಿರವೆಂಬುದನ್ನು ಯೋಚಿಸಿರಲಿಲ್ಲ. ಬಂದವರ ಕಾರು ನಿಲ್ಲುವ ಹೊತ್ತಿಗೆ ಅವಳು ಪ್ರಸಾದದೊಂದಿಗೆ ಜಗಲಿಯಲ್ಲಿ ಕೂತಿದ್ದಳು.

ಅವರು ನಾಗಮಂಗಲದವರು. ಗಂಡ, ಹೆಂಡತಿ, ಶಾಲೆಗೆ ಸೇರಿಸಬೇಕಾದ ಪುಟ್ಟ ಮಗಳು. ಗಂಡನ ಹುಟ್ಟೂರು ಬಿಂಡಿಗನವಿಲೆ ಕಡೆ, ಮಳೆ ಬಂದರೆ ಬೆಳೆ ಎನ್ನುವ ಊರು. ಆತ ಮನೆಯ ಒಳಗನ್ನು ಸರಿಯಾಗಿ ನೋಡಲೇ ಇಲ್ಲ. ಹಿತ್ತಲ ಮೆಟ್ಟಿಲ ಮೇಲೆ ನಿಂತು ಹೊಳೆಯನ್ನೇ ನೋಡುತ್ತಿದ್ದ.

"ಮನೆ ಒಳಕ್ಕೂ ಬತ್ತದಾ ನೀರು?" ಎಂದು ನೇರವಾಗಿ ಕೇಳಿಯೇಬಿಟ್ಟ.

ಸಾಹೇಬರು ಕೆಮ್ಮಲು ಬಾಯಿ ತೆರೆದರು. ಅತ್ತೆ ಅದಕ್ಕೂ ಮುಂಚೆ ಹೇಳಿದಳು: "ಬತ್ತದೆ. ಬಾ, ತೋರುಸ್ತೀನಿ."

ಗೋಡೆ ನೋಡಿ ಆತನ ಮುಖ ಅರಳಿತು. "ಎಲಾ! ನಾವು ಬೋರ್ ಕೊರ್ಸಿ ಕೊರ್ಸಿ ಸುಸ್ತಾದೋ. ಇಲ್ಲಿ ನೀರೇ ನೆಂಟರಂಗೆ ಮನೆಗೆ ಬತ್ತದಲ್ಲೇ!"

"ನೆಂಟ್ರು ಬಂದ್ರೆ ಅಕ್ಕಿ ಎಲ್ಲಿ ಮಡಗೋದು ಅಂತ ಕೇಳು ಮೊದ್ಲು," ಎಂದಳು ಹೆಂಡತಿ. ಆಕೆ ನಮ್ಮ ಅಟ್ಟ ನೋಡಿದಳು, ಗೋಡೆ ತಟ್ಟಿದಳು, ಬೊಟ್ಟುಗಳನ್ನು ಕೆಳಗಿನಿಂದ ಒಂದೊಂದಾಗಿ ನೋಡುತ್ತ ಮೇಲೆ ಬಂದಳು. ಕೊನೆಯದು ಆಕೆಯ ಭುಜದ ಮಟ್ಟಕ್ಕಿತ್ತು. "ಇಲ್ಲೀಗಂಟ ಬಂದಿತ್ತಾ?"

"ಬಂದಿತ್ತು ಕಣವ್ವ," ಎಂದಳು ಅತ್ತೆ.

ನಾನು ಬೆಚ್ಚಿದೆ. ಸುಣ್ಣಕ್ಕೆ ಮೊದಲು ಆ ಎತ್ತರದಲ್ಲಿ ಬೊಟ್ಟು ಇದ್ದದ್ದು ನನಗೆ ನೆನಪಿಲ್ಲ. ಮಂಡಿಯಿಂದ ಮೇಲೆ ನೀರು ಬಂದದ್ದೂ ನೆನಪಿಲ್ಲ. ಸಾಹೇಬರು ನನ್ನತ್ತ ತಿರುಗಿ, ಏನಾದರೂ ಹೇಳಮ್ಮಾ ಎಂದು ಕಣ್ಣಲ್ಲೇ ಬೇಡಿದರು. ಆದರೆ ಹೊಳೆ ತುಂಬಾ ಜೋರಾಗಿದ್ದ ಒಂದು ವರ್ಷ ನಾನು ಮೇಲುಕೋಟೆಯ ಒಂದು ಶಿಬಿರದಲ್ಲಿದ್ದೆ, ಮನೆಯಲ್ಲಿದ್ದವಳು ಅತ್ತೆಯೊಬ್ಬಳೇ. ನಾನು ನೋಡದ ನೀರಿನ ಬಗ್ಗೆ ನಾನು ಯಾವ ಬಾಯಲ್ಲಿ ಸಾಕ್ಷಿ ಹೇಳಲಿ? "ನನಗೆ ಸರಿಯಾಗಿ ಗೊತ್ತಿಲ್ಲ," ಎಂದೆ. ಪಾಂಡವಪುರದ ಮನೆ ಕೈತಪ್ಪಿತೆಂದುಕೊಂಡೆ.

ಹೆಂಡತಿ ಸೆರಗು ಸಿಕ್ಕಿಸಿಕೊಂಡು ಗಂಡನಿಗೆ ಹೇಳಿದಳು: "ಈ ಸಾಲಲ್ಲಿ ಎಷ್ಟೊಂದು ಮನೆ ನೋಡುದ್ವಿ. ಎಲ್ರೂ ನೀರೇ ಬರಕಿಲ್ಲ ಅಂದ್ರು. ಈವಮ್ಮ ಒಬ್ರೇ ಗುರ್ತು ಮಡಗಿ ತೋರುಸ್ದೋರು. ಹಳೇದು ಕೆಡವಿ, ಇವ್ರು ತೋರ್ಸಿದ್ದಕ್ಕಿಂತ ಮೇಲಕ್ಕೆ ಕಂಬ ಎಬ್ಬಿಸಿ ಕಟ್ಟಾನ. ಕೆಳಗೆ ಕಾರು ನಿಲ್ಸಾನ. ಮಗೀಗೆ ಸ್ಕೂಲು ಪಕ್ಕದಲ್ಲೇ ಆಯ್ತದೆ."

ಸಾಹೇಬರು ಗೋಡೆಗೆ ಒರಗಿದರು. ಅವರ ಬೆನ್ನಿಗೆ ಕುಂಕುಮ ಹತ್ತಿತು. ಅತ್ತೆ ಮಾತ್ರ ನಗಲಿಲ್ಲ. ಮಾರಾಟವಾಗಿದ್ದು ತನ್ನ ಮನೆಯಲ್ಲ, ಬೇರೆ ಯಾರದೋ ಎಂಬಂತೆ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಅಥವಾ ಹಾಗೆ ನಿಂತಿದ್ದಳೆಂದು ನಾನು ಈಗ ಸೇರಿಸಿಕೊಳ್ಳುತ್ತಿದ್ದೇನೆ.

ಗೌರಿ ಹಬ್ಬಕ್ಕೆ ಮುಂಚೆ ನಾವು ದಿಬ್ಬದ ಮನೆಗೆ ಬಂದೆವು. ಇಲ್ಲಿ ನೀರು ಬರುವುದು ನಲ್ಲಿಯಲ್ಲಿ ಮಾತ್ರ, ಅದೂ ದಿನ ಬಿಟ್ಟು ದಿನ. ಅತ್ತೆ ಅದನ್ನು ದೂರುವುದಿಲ್ಲ, ಹೊಗಳುವುದೂ ಇಲ್ಲ. ನನಗೇ ಒಳಗೊಳಗೆ ಕೊರೆಯುತ್ತದೆ. ಆ ಭುಜದ ಮಟ್ಟದ ಬೊಟ್ಟು ನಿಜವಾಗಿದ್ದರೆ ನಾನು ಹುಟ್ಟಿ ಬೆಳೆದ ಮನೆಯ ದೊಡ್ಡ ಸುದ್ದಿಯೇ ನನಗೆ ಗೊತ್ತಿರಲಿಲ್ಲ. ನಿಜವಲ್ಲದಿದ್ದರೆ, ಒಲೆಯ ಜಾಗ ನೋಡಿ ಒಪ್ಪಿದವಳಿಗೆ ಇಲ್ಲಿಗೆ ಬರುವ ಮನಸ್ಸೇ ಇರಲಿಲ್ಲ, ಮತ್ತು ಆಕೆಯ ಸುಳ್ಳನ್ನೇ ಸತ್ಯವೆಂದು ಮೆಚ್ಚಿ ಆ ದಂಪತಿ ಮನೆ ಕೊಂಡರು.

ಚಳಿಗಾಲದ ಒಂದು ಮಧ್ಯಾಹ್ನ ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ ಕೇಳಿಯೇಬಿಟ್ಟೆ. ಅವಳು ಹುಳುಕು ಕಾಯಿಯೊಂದನ್ನು ಆರಿಸಿ ಪಕ್ಕಕ್ಕೆ ಹಾಕಿದಳು, ಮೊರ ಎತ್ತಿಕೊಂಡು ಒಳಗೆ ಹೋದಳು. ಅವರೆಯ ಕಾಲ ಮುಗಿದು ಈಗ ಮಾವಿನಕಾಯಿಯ ಕಾಲ ಬಂದಿದೆ, ಉತ್ತರ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಅತ್ತೆ, ಹೊಳೆ ಅಷ್ಟೆತ್ತರಕ್ಕೆ ಬಂದಿತ್ತಾ, ಇಲ್ಲಾ ನಮ್ಮನ್ನ ಅಲ್ಲೇ ಉಳಿಸ್ಕೊಳಕ್ಕೆ ಅಂತ ನೀನೇ ಕರ್ಕೊಂಡು ಬಂದ್ಯಾ?"